ಒಂದೇ ಅಚ್ಚಿನ ಬಾಗಿಲುಗಳು

ಐಕಾನ್ ಆಫ್ ದಿ ಸೀಸ್ ಎಂಬ ಕ್ರೂಸ್ ಹಡಗಿನಲ್ಲಿ 2,805 ಕೋಣೆಗಳು. ಉದ್ದುದ್ದ ಓಣಿ, ಇಕ್ಕೆಲದಲ್ಲೂ ಒಂದೇ ಅಚ್ಚಿನ ಬಾಗಿಲು. ರಾತ್ರಿ ಊಟ ಮುಗಿಸಿ ಬಂದವರಿಗೆ ತಮ್ಮದು ಯಾವುದೆಂದು ತಿಳಿಯಬೇಕಲ್ಲ! ಕ್ರೂಸ್ ಪ್ರಯಾಣಿಕರು ಬಾಗಿಲು ಸಿಂಗರಿಸಲು ಇದೊಂದು ನೆಪ. ಅಸಲು ಕಾರಣ ಸಡಗರ: 'ನಮ್ಮ ಮದುವೆಗೆ 25 ವರ್ಷ' ಅಂತ ಗುರುತೇ ಇಲ್ಲದವರಿಗೂ ಸಾರುವುದು.

ಬೆಂಕಿ ತಡೆಯಲೆಂದು ಬಾಗಿಲು ಸಾಮಾನ್ಯವಾಗಿ ಉಕ್ಕಿನದೇ ಇರುತ್ತದೆ, ಹಾಗಾಗಿ ಅಲಂಕಾರ ನಿಲ್ಲಿಸಲು ಮ್ಯಾಗ್ನೆಟ್ ಸಾಕು. ಡಿಸ್ನಿ ಹಡಗುಗಳಲ್ಲಿ ಟೇಪು ಅಂಟಿಸಲು ಬಿಡುವುದಿಲ್ಲ. ಆದರೆ ಅಲ್ಲಿನ ಮಜವೇ ಬೇರೆ. ಬಾಗಿಲ ಪಕ್ಕದ ಮೀನಿನಾಕಾರದ ಕೊಕ್ಕೆಗೆ ಬಟ್ಟೆಯ ಜೇಬುಗಳನ್ನು ತೂಗುಹಾಕುತ್ತಾರೆ. ಮೊದಲೇ ಮಾತಾಡಿಕೊಂಡ ಕುಟುಂಬಗಳು ಅವುಗಳಲ್ಲಿ ಸಣ್ಣಪುಟ್ಟ ಉಡುಗೊರೆ ಇಟ್ಟು ಹೋಗುತ್ತವೆ.

ತಲೆಕೆಳಗಾದ ಅನಾನಸ್ ಚಿತ್ರ ಮಾತ್ರ ಬೇಡ. ಅದು ಸಂಗಾತಿ ಬದಲಿಸಿಕೊಳ್ಳುವವರ ಗುಟ್ಟಿನ ಗುರುತು ಎಂಬ ಮಾತು ಹಡಗಿನಿಂದ ಹಡಗಿಗೆ ಹಬ್ಬಿದೆ!