ಸೂರು ಬದಲಿಸಿದ ಮಸ್ಟಾಂಗ್

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣದಂಚಿನ ಮಿಲ್ಪಿಟಾಸ್ ಕನ್ನಡಿಗರಿಗೆ ಅಪರಿಚಿತ ಊರೇನಲ್ಲ. ಕಂಪ್ಯೂಟರ್ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮವರು ಅಲ್ಲಿದ್ದಾರೆ. ಊರಿನಿಂದ ಬಂದ ನೆಂಟರನ್ನು ಅವರು ಕರೆದೊಯ್ಯುವ ಜಾಗಗಳಲ್ಲಿ 'ಗ್ರೇಟ್ ಮಾಲ್' ಒಂದು. ನಡೆದು ನಡೆದು ಕಾಲು ಸೋಲುವಷ್ಟು ದೊಡ್ಡ ಕಟ್ಟಡ. ಆದರೆ ಅದನ್ನು ಕಟ್ಟಿದ್ದು ಅಂಗಡಿಗಳಿಗಾಗಿ ಅಲ್ಲ. 1955ರಿಂದ 1983ರವರೆಗೆ ಅದು ಫೋರ್ಡ್ ಕಂಪನಿಯ ಕಾರ್ಖಾನೆ. ಮಾಲ್ ಆದದ್ದು 1994ರಲ್ಲಿ. ಇಂದು ಚಪ್ಪಲಿ, ಅಂಗಿ ಮಾರುವಲ್ಲಿ ಅಂದು ಮಸ್ಟಾಂಗ್ ಕಾರುಗಳು ತಯಾರಾಗುತ್ತಿದ್ದವು.

1964ರ ಏಪ್ರಿಲ್‌ನಲ್ಲಿ ಮಸ್ಟಾಂಗ್ ಬಂದಾಗ ಅದರಲ್ಲಿ ಫಾಸ್ಟ್‌ಬ್ಯಾಕ್ ಇರಲಿಲ್ಲ. ಕೂಪೆ ಇತ್ತು: ಎರಡೇ ಬಾಗಿಲು, ಹಿಂದಿನ ಸೀಟಿನ ಮೇಲೆ ಮುಗಿಯುವ ಸೂರು, ಅಲ್ಲಿಂದ ಕೆಳಗಿಳಿಯುವ ಗಾಜು, ಆಮೇಲೆ ಡಿಕ್ಕಿ. ಕೆಲವು ತಿಂಗಳ ನಂತರ ಬಂದ ಫಾಸ್ಟ್‌ಬ್ಯಾಕಿನ ಸೂರು ಎಲ್ಲೂ ಮುರಿಯದೆ ಬಾಲದ ಕಡೆಗೆ ಜಾರಿತು, ಮಲೆನಾಡಿನ ಮನೆಯ ಮಾಡಿನಂತೆ. 1965ರ ಮಾದರಿಯಲ್ಲಿ ಕೂಪೆಗಳು 5,01,965. ಫಾಸ್ಟ್‌ಬ್ಯಾಕ್ ಬರೀ 77,079. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಹಾರಿಸಿದ್ದೂ ಇದೇ ಕಾರ್ಖಾನೆಯ ಫಾಸ್ಟ್‌ಬ್ಯಾಕನ್ನೇ. 2020ರಲ್ಲಿ ಅದರ ಹರಾಜಿನ ಕೂಗು 34 ಲಕ್ಷ ಡಾಲರಿಗೆ ನಿಂತಿತು. ಹಾಗಾಗಿ, ಸಿಕ್ಕ ಕೂಪೆಗೇ ಫಾಸ್ಟ್‌ಬ್ಯಾಕಿನ ಸೂರು ತೊಡಿಸುವ ಹುಚ್ಚು ಕೆಲವರಿಗೆ.

ಅಂಥ ಒಬ್ಬರನ್ನು ನೋಡಿದ್ದು ಸನ್ನಿಹಿಲ್ಸ್‌ನಲ್ಲಿ. ಕರಿಯರು, ಬಿಳಿಯರು ಎಂಬ ಭೇದವಿಲ್ಲದೆ ಕಾರ್ಮಿಕರೆಲ್ಲ ವಾಸಿಸಲೆಂದು 1950ರ ದಶಕದಲ್ಲಿ ಕಾರ್ಮಿಕ ಸಂಘವೇ ಮುಂದೆ ನಿಂತು ಮಾಡಿಸಿದ ಬಡಾವಣೆ ಅದು. ಇವರ ತಂದೆ ಕಾರ್ಖಾನೆಯಲ್ಲಿ ದುಡಿದು, 1966ರ ಕೂಪೆಯೊಂದನ್ನು ಕೊಂಡಿದ್ದರು. ಅದೇ ಕಾರು ಶೆಡ್ಡಿನಲ್ಲಿ ಸೂರಿಲ್ಲದೆ ನಿಂತಿತ್ತು.

ಬಾಗಿಲುಗಳ ಜಾಗದಲ್ಲಿ ಅಡ್ಡಡ್ಡ ಕಬ್ಬಿಣದ ಸಲಾಕೆ ಬೆಸೆದಿದ್ದರು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಆಸರೆ ಕೊಡದೆ ಸೂರು ತೆಗೆದರೆ ನಡು ಬಗ್ಗುತ್ತದೆ, ಮತ್ತೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಸ್ಪಾಟ್ ವೆಲ್ಡಿಂಗಿನ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು ಸೂರು, ಹಿಂದಿನ ಕಂಬಗಳು, ಗಾಜಿನ ಕೆಳಗಿನ ಹಲಗೆ ಎಲ್ಲ ಬಿಡಿಸಬೇಕು. ಹೊಸ ಸೂರು, ಅದರ ಒಳಕಟ್ಟು, ಪಕ್ಕದ ತಗಡು, ಗಾಳಿಕಿಂಡಿ, ಗಿಡ್ಡನೆಯ ಡಿಕ್ಕಿ ಮುಚ್ಚಳ ಎಲ್ಲವೂ ಅಚ್ಚಾಗಿ ಸಿಗುತ್ತವೆ. ಬಾಗಿಲಿನ ಗಾಜನ್ನೂ ಬದಲಿಸಬೇಕು. ನಮ್ಮ ಟಿಂಕರಿಂಗ್ ಶೆಡ್ಡಿನವರು ನೋಡಿದರೆ, ಇಷ್ಟಕ್ಕೆಲ್ಲ ಹೊಸ ಕಾರನ್ನೇ ಮಾಡಬಹುದಲ್ಲ ಸಾರ್ ಎಂದಾರು!

ಮಗನಿಗೆ ಹುಡುಗತನದಿಂದಲೂ ಫಾಸ್ಟ್‌ಬ್ಯಾಕಿನದೇ ಕನಸು. ಅಕ್ಕನಿಗೆ ಮಾತ್ರ ಇದು ಸುತರಾಂ ಒಪ್ಪಿಗೆಯಿಲ್ಲ. "ಅಪ್ಪ ಕೊಂಡದ್ದು ಈ ಕಾರಲ್ಲ" ಎಂದು ಆಕೆ ಶೆಡ್ಡಿಗೆ ಬರುವುದನ್ನೇ ಬಿಟ್ಟಿದ್ದಾರೆ. ನನ್ನ ಮನಸ್ಸೂ ಅಕ್ಕನ ಕಡೆಗೇ ವಾಲಿತು. ಮಗನೊಡನೆ ಹಾಗೆನ್ನಲಿಲ್ಲ, ಅಷ್ಟೆ.

ಅವರು ಬಾನೆಟ್ ಎತ್ತಿ ಎಂಜಿನ್ ಪಕ್ಕದ ತಗಡಿನ ಮೇಲೆ ಕೆತ್ತಿದ ಸಂಖ್ಯೆ ತೋರಿಸಿದರು. ಮೊದಲಿನ 6 ಎಂದರೆ 1966. 'ಆರ್' ಎಂದರೆ ಈ ಕಾರ್ಖಾನೆ. ಮುಂದಿನ 07 ಎಂದರೆ ಕೂಪೆ. ಫಾಸ್ಟ್‌ಬ್ಯಾಕಿಗೆ 09. ಈ ಸಂಖ್ಯೆಯನ್ನು ತಿದ್ದುವುದು ಅಪರಾಧ. ಮಾರುವಾಗ, ತಿಳಿದವರು ಮೊದಲು ಬಗ್ಗಿ ನೋಡುವುದೂ ಅಲ್ಲಿಯೇ.

"ಇದನ್ನು ಮುಟ್ಟುವುದಿಲ್ಲ" ಎಂದರು. ಬಿಚ್ಚಿದ ಸೂರು ಗೋಡೆಗೆ ಒರಗಿತ್ತು. ಅದನ್ನು ಅಕ್ಕ ಕೇಳಿದ್ದಾರಂತೆ. ಭಾನುವಾರ ಒಯ್ದು ಕೊಡಬೇಕು.