ಮೊದಲು ನಿದಾನ, ಅನಂತರ ಚಿಕಿತ್ಸೆ

ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳಬಾರದೆಂಬ ಹಿರಿಯರ ಮಾತು ಗಣಕಯಂತ್ರಕ್ಕೂ ಸಲ್ಲುವುದು.

ನಮ್ಮ ಚೆನ್ನೈಯ ಸಿ-ಡ್ಯಾಕ್ ಕೇಂದ್ರದಲ್ಲಿ ರೂಪುಗೊಂಡು 2007ರಲ್ಲಿ ಹೊರಬಂದ ‘ಬಾಸ್’ ಲಿನಕ್ಸ್ ಕನ್ನಡವನ್ನೂ ಬಲ್ಲುದು. ಅಂತಹ ಲಿನಕ್ಸ್ ಯಂತ್ರದಲ್ಲಿ ಫೈರ್‌ಫಾಕ್ಸ್ ತೆರೆದು ನಾವು ಕನ್ನಡ ಪಾಠವೊಂದನ್ನು ನೋಡುತ್ತಿರುವಾಗ ಚಿತ್ರವು ತಡೆತಡೆದು ನಿಂತುಹೋದರೆ, ಎಲ್ಲವನ್ನೂ ಅಳಿಸಿಬಿಡುವ ಆತುರ ಹುಟ್ಟುವುದು ಸಹಜ. ಆದರೆ ಅಳಿಸುವ ಮುನ್ನ ಕ್ಯಾಶ್ ಯಾವುದು, ಪ್ರೊಫೈಲ್ ಯಾವುದು ಎಂಬುದನ್ನು ಅರಿಯಬೇಕು.

ಕ್ಯಾಶ್ ಎಂಬುದು ನೋಡಿದ ಪುಟಗಳ ನಕಲುಗಳ ಉಗ್ರಾಣ. ಬರಿದಾದರೂ ಜಾಲದಿಂದ ಮತ್ತೆ ತುಂಬಿಕೊಳ್ಳುವುದು. ಪ್ರೊಫೈಲ್ ಹಾಗಲ್ಲ. ನಾವು ಗುರುತಿಟ್ಟ ಪುಟಗಳು, ಉಳಿಸಿದ ಗುಪ್ತಪದಗಳು ಅದರಲ್ಲಿವೆ. ತಮಿಳುನಾಡಿನಲ್ಲಿ ಕನ್ನಡ ಕಲಿಯುವ ನಾವು ತಿಂಗಳುಗಟ್ಟಲೆ ಹುಡುಕಿ ಕೂಡಿಸಿದ ಕನ್ನಡ ಪುಟಗಳ ಗುರುತು, ಬೇರೆಡೆ ಪ್ರತಿಯಿಲ್ಲದಿದ್ದರೆ, ಒಮ್ಮೆ ಅಳಿದ ಮೇಲೆ ಮರಳಿ ಬಾರದು.

ಆದುದರಿಂದ ಪರೀಕ್ಷೆಯು ಕ್ರಮವಾಗಿ ನಡೆಯಬೇಕು. ಬೇರೆ ತಾಣಗಳೂ ನಿಧಾನವಾದರೆ ದೋಷವು ಬಹುಶಃ ಸಂಪರ್ಕದ್ದು. ಅಲ್ಲವಾದರೆ ಕ್ಯಾಶನ್ನು ಮಾತ್ರ ಬರಿದು ಮಾಡಬೇಕು. ಗುಣ ಕಾಣದಿದ್ದರೆ, ವಿಳಾಸ ಬರೆಯುವೆಡೆ ‘ಅಬೌಟ್:ಪ್ರೊಫೈಲ್ಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಹಳೆಯದನ್ನು ಮುಟ್ಟದೆ, ಹೊಸ ಪ್ರೊಫೈಲೊಂದರಲ್ಲಿ ಅದೇ ಪಾಠವನ್ನು ನೋಡಬೇಕು. ಅಲ್ಲಿ ಸರಾಗವಾಗಿ ಓಡಿದರೆ ರೋಗವು ಹಳೆಯ ಪ್ರೊಫೈಲಿನದು. ಅದರ ಆಡ್‌-ಆನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದರೆ ಅಪರಾಧಿ ಸಿಕ್ಕೀತು. ಅಲ್ಲಿಯೂ ಓಡದಿದ್ದರೆ ಪ್ರೊಫೈಲ್ ನಿರಪರಾಧಿ; ವೀಡಿಯೋ ಬಿಡಿಸುವ ಕೊಡೆಕ್ ಯಂತ್ರದಲ್ಲಿದೆಯೇ ಎಂದು ಹುಡುಕಬೇಕು. ಹಣ ತೆತ್ತು ನೋಡುವ ಚಲನಚಿತ್ರ ಮಾತ್ರ ಮೊಂಡು ಹಿಡಿದರೆ, ಡಿಆರ್‌ಎಂಗೆ ಅನುಮತಿ ಕೊಟ್ಟಿದೆಯೇ ಎಂದು ನೋಡಬೇಕು.

ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ಯಾರೂ ಮೆಚ್ಚರು. ಯಂತ್ರದ ಮುಂದೆ ಕುಳಿತಾಗ ನಾವು ಅಂತಹ ವೈದ್ಯರಾಗದಿರೋಣ.