ಹತ್ತು ಅಡಿಯ ಅಳತೆ

ಕನ್ನಡ ವ್ಯಾಕರಣವನ್ನು ಕಲಿಸುವವರಿಗೆ ಬ್ಯಾಸ್ಕೆಟ್‌ಬಾಲಿನ ಗೊಡವೆ ಏಕೆಂದು ನಿಮ್ಮಲ್ಲಿ ಕೆಲವರು ನಗಬಹುದು. ನಗುವುದರಲ್ಲಿ ತಪ್ಪಿಲ್ಲ. ನಾವು ಆ ಚೆಂಡನ್ನು ನೆಲಕ್ಕೆ ಪುಟಿಸಿದರೆ ಅದು ನಮ್ಮ ಕೈಯೊಂದನ್ನು ಬಿಟ್ಟು ಮತ್ತೆಲ್ಲಿಗಾದರೂ ಹಾರುವುದೆಂಬುದನ್ನು ನೀವೆಲ್ಲ ಆಟದ ಬಯಲಿನಲ್ಲಿ ಕಣ್ಣಾರೆ ಕಂಡಿರುವಿರಿ. ಆದರೂ ಎರಡು ವರ್ಷಗಳ ಕೆಳಗೆ ಈ ಆಟವು ನಮಗೊಂದು ಪಾಠವನ್ನು ಹೇಳಿತು. ಆ ಪಾಠಕ್ಕೆ ಕಾರಣನಾದ ಹುಡುಗನು ನಿಮ್ಮವನೇ. ಹೆಸರು ಬೇಡ, ಅವನ ಮತ್ತು ಅವನ ತಂದೆಯ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಈ ನಗರಕ್ಕೂ ಈ ಆಟಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1934ರಲ್ಲಿ ನಡೆದದ್ದು ಹೊಸದೆಹಲಿಯಲ್ಲಿ. 1951ರಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ಇಲ್ಲಿಯೇ ನೆರೆದಾಗ ಅದರಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ಇದ್ದಿತು. ವಾರಾಣಸಿಯ ಪ್ರಶಾಂತಿ ಸಿಂಗ್ ಎಂಬ ಹೆಣ್ಣುಮಗಳು ದೆಹಲಿಗೆ ಬಂದು ಎಂಟಿಎನ್‌ಎಲ್ ತಂಡದಲ್ಲಿ ಆಡಿ, ದೇಶದ ತಂಡವನ್ನು ಮುನ್ನಡೆಸಿ, 2019ರಲ್ಲಿ ಪದ್ಮಶ್ರೀ ಪಡೆದರು. 2017ರ ಮೇ ತಿಂಗಳಿನಲ್ಲಿ ಅಮೆರಿಕದ ಎನ್‌ಬಿಎ ಸಂಸ್ಥೆಯು ಗ್ರೇಟರ್ ನೋಯ್ಡಾದಲ್ಲಿ ಒಂದು ತರಬೇತಿ ಶಾಲೆಯನ್ನು ತೆರೆದು, ದೇಶದ ನಾನಾ ಭಾಗಗಳಿಂದ ಆಯ್ದ ಬಾಲಕರನ್ನು ಅಲ್ಲಿ ಇರಿಸಿಕೊಂಡು ಆಟವನ್ನೂ ವಿದ್ಯೆಯನ್ನೂ ಕಲಿಸತೊಡಗಿತು. ಅಲ್ಲಿ ಪಳಗಿದ ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಎಂಬ ತರುಣನು 2021ರಲ್ಲಿ ಅಮೆರಿಕದ ಬೇಸಗೆ ಪಂದ್ಯಾವಳಿಯನ್ನು ಗೆದ್ದ ತಂಡದಲ್ಲಿದ್ದನು. ಇಂಥ ಸುದ್ದಿಗಳನ್ನು ಕೇಳಿದ ನಮ್ಮ ಹುಡುಗರ ಕಾಲು ನೆಲದ ಮೇಲೆ ನಿಲ್ಲದಿದ್ದರೆ ಆಶ್ಚರ್ಯವೇನು?

ನಾವು ಹೇಳುವ ಹುಡುಗನ ಕಾಲೂ ಹಾಗೆಯೇ ಆಯಿತು. ನಗರದ ತರಬೇತಿ ಕೇಂದ್ರವೊಂದು ಹದಿನಾಲ್ಕು ವರ್ಷದೊಳಗಿನವರ ತಂಡಕ್ಕೆ ಬಾಲಕರನ್ನು ಆರಿಸುವುದೆಂದು ತಿಳಿದು ಅವನು ಅರ್ಜಿಯನ್ನು ತಂದನು. ಅದರೊಂದಿಗೆ ಪೋಷಕರು ರುಜು ಹಾಕಬೇಕಾದ ಒಪ್ಪಿಗೆಯ ಕಾಗದವೂ ಇದ್ದಿತು. ಅವನ ತಂದೆ ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರಲ್ಲಿ ಅಡುಗೆ ಮಾಡುವವರು. ಇಂಗ್ಲಿಷಿನ ಕಾಗದಕ್ಕೆ ಓದದೆ ರುಜು ಹಾಕುವವರಲ್ಲ. ಒಂದು ಸಂಜೆ ಶಾಲೆಗೆ ಬಂದು, "ಮಾಷ್ಟ್ರೇ, ಇದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಹೇಳಿ" ಎಂದರು.

ನಾವು ಒಂದೊಂದಾಗಿ ಓದಿ ಹೇಳಿದೆವು. ವಾರಕ್ಕೆ ಐದು ದಿನ, ಬೆಳಗ್ಗೆ ಆರು ಗಂಟೆಗೆ ಅಂಗಳದಲ್ಲಿರಬೇಕು. "ನಾನು ಐದಕ್ಕೇ ಒಲೆ ಹಚ್ಚುವವ, ಎಬ್ಬಿಸುತ್ತೇನೆ" ಎಂದರು. ತಡವಾಗಿ ಬಂದವನು ಆ ದಿನ ಕುಳಿತು ನೋಡಬೇಕು. ತಲೆಯಾಡಿಸಿದರು. ಶಾಲೆಯ ಪಾಠದಲ್ಲಿ ಹಿಂದೆ ಬಿದ್ದವನಿಗೆ ಪಂದ್ಯದಲ್ಲಿ ಸ್ಥಳವಿಲ್ಲ. ಮಗನ ಕಡೆಗೆ ನೋಡಿದರು. ತೀರ್ಪುಗಾರನೊಡನೆ ವಾದಿಸಕೂಡದು, ಪೋಷಕರು ಹೊರಗೆ ನಿಂತು ಹೀಗೆ ಆಡು, ಹಾಗೆ ಆಡು ಎಂದು ಕೂಗಕೂಡದು. "ಅಡುಗೆಮನೆಯಲ್ಲಿ ಹತ್ತು ಜನ ಹೇಳಿದರೆ ಸಾಂಬಾರು ಕೆಡುತ್ತದೆ. ಸರಿ" ಎಂದರು.

ಮುಂದಿನ ಮಾತು ಅವರನ್ನು ತಡೆಯಿತು. ತಂಡಕ್ಕೆ ಆರಿಸಲ್ಪಟ್ಟ ಮಾತ್ರಕ್ಕೆ ಆಡುವ ಅವಕಾಶ ಸಿಕ್ಕೇ ಸಿಗುವುದೆಂದು ತಿಳಿಯತಕ್ಕದ್ದಲ್ಲ. ತಂಡದಲ್ಲಿ ಹನ್ನೆರಡು ಜನ, ಅಂಗಳದಲ್ಲಿ ಐವರು, ಉಳಿದವರು ಬೆಂಚಿನಲ್ಲಿ. "ಹಣ ಕಟ್ಟಿ, ನಿದ್ದೆ ಬಿಟ್ಟು, ಬೆಂಚಿನಲ್ಲಿ ಕೂರುವುದೇ?" ಎಂದು ಕೇಳಿದರು. ಕಾಗದದಲ್ಲಿ ಹಾಗೆಯೇ ಇದೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ಕಲಿಯುವಾಗ ನಾನೂ ಎರಡು ವರ್ಷ ಪಾತ್ರೆಯನ್ನೇ ತೊಳೆದಿದ್ದೆ" ಎಂದರು.

ಕೊನೆಯ ಮಾತು ವಯಸ್ಸಿನದು. ಆ ವರ್ಷದ ಲೆಕ್ಕಕ್ಕೆ ಗೊತ್ತುಮಾಡಿದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವನಾಗಿರಬೇಕು. ನಮ್ಮ ಹುಡುಗನು ಹುಟ್ಟಿದ್ದು ಅದಕ್ಕೆ ಹಿಂದಿನ ಡಿಸೆಂಬರ್ 12ರಂದು. ಇಪ್ಪತ್ತು ದಿನಗಳ ಅಂತರ. ಆ ಇಪ್ಪತ್ತು ದಿನ ಅವನನ್ನು ಒಯ್ದು ಹದಿನೇಳರೊಳಗಿನವರ ಗುಂಪಿಗೆ, ಮೀಸೆ ಚಿಗುರಿದವರ ನಡುವೆ, ನಿಲ್ಲಿಸುತ್ತಿದ್ದುವು.

ತಂದೆಯ ಮುಖ ಬಾಡಿತು. ಬಳಿಕ ಅವರು ಮಗನನ್ನು ಹೊರಗೆ ಕಳುಹಿಸಿ, ದನಿಯನ್ನು ತಗ್ಗಿಸಿ, "ಇಪ್ಪತ್ತು ದಿವಸ ಎಂದರೆ ಎಷ್ಟು ಮಾಷ್ಟ್ರೇ? ಜನನದ ಪತ್ರ ಊರಿನಲ್ಲಿ ಕಳೆದಿದೆ ಎನ್ನುತ್ತೇನೆ. ಶಾಲೆಯಿಂದ ಒಂದು ಪತ್ರ ಬರೆದುಕೊಡಿ. ಮುಂದೆ ಆಟದ ಕೋಟಾದಲ್ಲಿ ರೈಲ್ವೆಯಲ್ಲಿ ಒಂದು ಕೆಲಸ ಸಿಕ್ಕಿದರೆ ಅವನಿಗೆ ನನ್ನ ಒಲೆಯ ಕಾವು ಬೇಡ" ಎಂದರು. ನಾವು ಉತ್ತರಕ್ಕೆ ತಡವರಿಸುತ್ತಿರಲು ಮೆಲ್ಲನೆ ಇನ್ನೊಂದು ಮಾತನ್ನು ಸೇರಿಸಿದರು: "ನಿಮ್ಮ ಹುಟ್ಟಿದ ದಿನವೂ ಮೇಷ್ಟ್ರು ಬರೆದದ್ದೇ ಅಂತೆ. ಮಗ ಹೇಳಿದ."

ಆ ಮಾತು ನಾಟಿತು, ಏಕೆಂದರೆ ಅದು ನಿಜ. ತರಗತಿಯಲ್ಲಿ ನಿಮ್ಮನ್ನು ನಗಿಸಲು ನಾವೇ ಅದನ್ನು ಹೇಳಿದ್ದೆವು. ನಮ್ಮ ಹಳ್ಳಿಯ ಶಾಲೆಗೆ ನಮ್ಮನ್ನು ಕರೆದೊಯ್ದ ದಿನ ಮೇಷ್ಟ್ರು ಕಾಗದವೊಂದನ್ನೂ ಕೇಳಲಿಲ್ಲ. ನಮ್ಮ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ ನೋಡಿದರು. ಬೆರಳು ಕಿವಿಗೆ ತಗಲಿತೋ ಇಲ್ಲವೋ ಎನ್ನುವಷ್ಟರಲ್ಲಿ, "ಆಯಿತು, ಸೇರಿಸಿಕೊಳ್ಳೋಣ" ಎಂದು ಜೂನ್ 1 ಎಂದು ಬರೆದರು. ಅದೇ ತಾರೀಖು ನಮ್ಮ ಮೆಟ್ರಿಕ್ ಪ್ರಮಾಣಪತ್ರಕ್ಕೆ ಬಂದಿತು. ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ನಾವು ಹುಟ್ಟಿದ್ದು ಸುಗ್ಗಿಯ ಕಾಲದಲ್ಲೆಂದು ತಾಯಿ ಹೇಳುವರು. ಹೀಗಿರುವಾಗ ತಾರೀಖಿನ ಸತ್ಯವನ್ನು ಕುರಿತು ಇನ್ನೊಬ್ಬರಿಗೆ ಉಪದೇಶಿಸಲು ನಮಗೇನು ಅಧಿಕಾರ? "ನಾಳೆ ಹೇಳುತ್ತೇವೆ" ಎಂದು ಅವರನ್ನು ಕಳುಹಿಸಿದೆವು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಈ ಆಟ ಹುಟ್ಟಿದ ಬಗೆಯನ್ನು ನೆನೆಯುತ್ತ ಮಲಗಿದ್ದೆವು. ಕೆನಡಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಜೇಮ್ಸ್ ನೈಸ್ಮಿತ್ ಎಂಬ ಮೂವತ್ತು ವಯಸ್ಸಿನ ಅಧ್ಯಾಪಕರು 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಚಳಿಗಾಲದಲ್ಲಿ ಒಳಗೆ ಕುಳಿತು ಬೇಸರಗೊಂಡ ಹದಿನೆಂಟು ತರುಣರಿಗಾಗಿ ಇದನ್ನು ಕಲ್ಪಿಸಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲುಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ಸಿಕ್ಕಿಸಿದರು. ಆ ಕಟಕಟೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿದ್ದಿತು. ಅಂದಿನಿಂದ ಇಂದಿನವರೆಗೆ ದೊಡ್ಡವರ ಆಟದಲ್ಲಿ ಬುಟ್ಟಿಯ ಎತ್ತರ ಅದೇ ಹತ್ತು ಅಡಿ. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು, ಹದಿಮೂರು ನಿಯಮಗಳು ಹಿಗ್ಗಿ ಪುಸ್ತಕವಾದುವು; ಎತ್ತರ ಮಾತ್ರ ಕದಲಲಿಲ್ಲ.

ಹಾಗೆಂದು ಆ ಅಳತೆ ನಿರ್ದಯವೂ ಅಲ್ಲ. ಹನ್ನೆರಡು ವರ್ಷದೊಳಗಿನ ಎಳೆಯರಿಗೆ ಬಳೆಯನ್ನು ಸುಮಾರು ಎಂಟೂವರೆ ಅಡಿಗೆ ಇಳಿಸುವ ಪದ್ಧತಿ ಉಂಟು. ಆದರೆ ಅದನ್ನು ಎಲ್ಲರೆದುರಿಗೆ, ಎರಡು ತಂಡಗಳಿಗೂ ಸಮನಾಗಿ ಇಳಿಸುತ್ತಾರೆ. ವಯಸ್ಸನ್ನು ಮುಚ್ಚುವವನು ಮಾಡುವುದೇನು? ಬಳೆಯನ್ನು ತನಗೊಬ್ಬನಿಗೆ ಮಾತ್ರ, ಯಾರೂ ಕಾಣದಂತೆ ಇಳಿಸಿಕೊಳ್ಳುತ್ತಾನೆ. ನಮ್ಮ ದೇಶದಲ್ಲಿ ಈ ಚಾಳಿ ಎಷ್ಟು ಬೆಳೆಯಿತೆಂದರೆ 2010ರಲ್ಲಿ ಕೇಂದ್ರದ ಕ್ರೀಡಾ ಸಚಿವಾಲಯವು ಇದರ ವಿರುದ್ಧ ಒಂದು ನಿಯಮಾವಳಿಯನ್ನೇ ಹೊರಡಿಸಬೇಕಾಯಿತು. ಸಂಶಯ ಬಂದಲ್ಲಿ ಮಣಿಕಟ್ಟಿನ ಎಲುಬುಗಳ ಕ್ಷಕಿರಣ ಚಿತ್ರವನ್ನು ತೆಗೆದು ಬೆಳವಣಿಗೆಯನ್ನು ನೋಡುತ್ತಾರೆ. ಆದರೆ ಎಲುಬು ಹೇಳುವುದು ಅಂದಾಜನ್ನು. ಇಪ್ಪತ್ತು ದಿನಗಳ ಗುಟ್ಟು ಅದಕ್ಕೆ ತಿಳಿಯದು. ಆ ಗುಟ್ಟನ್ನು ಬಲ್ಲವರು ತಂದೆ, ಮಗ ಮತ್ತು ನಾವು, ಮೂವರೇ.

ಹಾಗಾದರೆ ನಮ್ಮ ಮೇಷ್ಟ್ರು ಮಾಡಿದ್ದು ಏನು? ಇದಕ್ಕೆ ಉತ್ತರ ಬೆಳಗಿನ ಜಾವಕ್ಕೆ ಹೊಳೆಯಿತು. ನಮ್ಮ ಹಳ್ಳಿಯ ಶಾಲೆಯಲ್ಲಿ ಚಾಪೆ ಉದ್ದವಾಗಿದ್ದಿತು. ನಾವು ಬಂದು ಕುಳಿತುದರಿಂದ ಯಾರೂ ಏಳಬೇಕಾಗಲಿಲ್ಲ. ನಿಜವಾದ ತಾರೀಖು ಮೇಷ್ಟ್ರಿಗೂ ಗೊತ್ತಿರಲಿಲ್ಲ, ತಂದೆಗೂ ಗೊತ್ತಿರಲಿಲ್ಲ. ತಂಡದ ಸಂಗತಿ ಬೇರೆ. ಅಲ್ಲಿರುವುದು ಹನ್ನೆರಡೇ ಸ್ಥಳ. ನಮ್ಮ ಪತ್ರದ ಬಲದಿಂದ ಒಬ್ಬನು ಒಳಗೆ ಹೋದರೆ, ಎಲ್ಲೋ ಶಾಹದರಾದಲ್ಲಿಯೋ ನಜಫಗಢದಲ್ಲಿಯೋ ಆರು ಗಂಟೆಗೆ ಎದ್ದು ಬಂದ, ಸರಿಯಾದ ವಯಸ್ಸಿನ ಒಬ್ಬನು ಹದಿಮೂರನೆಯವನಾಗಿ ಹೊರಗುಳಿಯುತ್ತಾನೆ. ಅವನಿಗೂ ಒಬ್ಬ ತಂದೆಯಿರುವನು. ಆ ತಂದೆಗೆ ಕಾರಣವೂ ತಿಳಿಯುವುದಿಲ್ಲ. ಮಗನಲ್ಲೇ ಏನೋ ಕೊರತೆಯಿದೆಯೆಂದು ಭಾವಿಸುವನು. ಆ ಹದಿಮೂರನೆಯ ಹುಡುಗನ ಮುಖ ನಮಗೆ ಕಾಣದು. ಆದರೂ ಆ ರಾತ್ರಿ ಅವನೇ ನಮ್ಮ ಎದುರಿಗೆ ಕುಳಿತಂತಾಯಿತು.

ಮಾರನೆಯ ದಿನ ಪತ್ರ ಕೊಡಲಾಗದೆಂದು ಹೇಳಿದೆವು. ಹದಿಮೂರನೆಯ ಹುಡುಗನ ಮಾತನ್ನೂ ಹೇಳಿದೆವು. "ಕಾಣದ ಹುಡುಗನ ಮೇಲೆ ಇರುವ ಕರುಣೆ ಕಣ್ಣೆದುರಿನವನ ಮೇಲೆ ಇಲ್ಲವಾಯಿತಲ್ಲ" ಎಂದು ಹೇಳಿ ಅವರು ಎದ್ದುಹೋದರು. ಆ ವರ್ಷದ ರಾಜ್ಯೋತ್ಸವದ ಸಮಾರಂಭದಲ್ಲಿ ನಮ್ಮನ್ನು ಕಂಡು ಮುಖ ತಿರುಗಿಸಿದರು. ಪರಊರಿನಲ್ಲಿ ನಮ್ಮವರೆಂದು ಹೇಳಿಕೊಳ್ಳುವವರು ಕೆಲವರೇ. ಅವರಲ್ಲೊಬ್ಬರು ಮುಖ ತಿರುಗಿಸಿದರೆ ಆಗುವ ನೋವನ್ನು ನಿಮ್ಮ ತಂದೆತಾಯಿಗಳು ಬಲ್ಲರು. ಅವರ ಮಾತಿಗೆ ಸರಿಯಾದ ಉತ್ತರ ನಮ್ಮಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಹುಡುಗನು ಮಾತ್ರ ವಾರದೊಳಗೆ ಬಂದು, "ಸರ್, ಹದಿನೇಳರ ಗುಂಪಿನ ಆಯ್ಕೆಗೆ ಹೋಗುತ್ತೇನೆ. ನಿಜವಾದ ತಾರೀಖಿನ ಪತ್ರ ಕೊಡಿ" ಎಂದನು. ಕೊಟ್ಟೆವು. ಜೊತೆಯಲ್ಲಿ ನಾವೂ ಹೋದೆವು. ತನಗಿಂತ ಒಂದು ಗೇಣು ಎತ್ತರದವರ ನಡುವೆ ಅವನು ಮೂರು ಸಲ ನೆಲಕ್ಕೆ ಬಿದ್ದನು. ಹೆಸರುಗಳನ್ನು ಓದಿದಾಗ ಅವನ ಹೆಸರಿರಲಿಲ್ಲ. ಬೇಕಾದರೆ ಅಭ್ಯಾಸಕ್ಕೆ ಬರಬಹುದೆಂದು ತರಬೇತುದಾರರು ಹೇಳಿದರು.

ಅವನು ಒಂದು ವರ್ಷ ಹೋದನು. ನವೆಂಬರಿನಲ್ಲಿ ಗಾಳಿ ಕೆಟ್ಟು ಹೊರಗಿನ ಆಟಗಳನ್ನೆಲ್ಲ ನಿಲ್ಲಿಸಿದಾಗ ಶಾಲೆಯ ಮೆಟ್ಟಿಲ ಕೆಳಗೆ ಗೋಡೆಗೆ ಚೆಂಡನ್ನೆಸೆದು ಹಿಡಿಯುತ್ತಿದ್ದುದನ್ನು ನೀವೂ ನೋಡಿರುವಿರಿ. ಆ ಸದ್ದಿಗೆ ನಮ್ಮ ಸಂಧಿ ಪಾಠವು ಎಷ್ಟೋ ಸಲ ಮುರಿಯಿತು. ಜನವರಿಯ ಮಂಜಿನಲ್ಲಿ ಬಳೆಯೇ ಕಾಣದಿದ್ದ ದಿನಗಳಲ್ಲಿಯೂ ಅವನು ಹಾಜರಾಗಿದ್ದನೆಂದು ಆಮೇಲೆ ತಿಳಿಯಿತು. ತಂಡದವರ ಪಂದ್ಯಗಳಿಗೆ ಹೋಗಿ ನೀರಿನ ಸೀಸೆಗಳನ್ನು ತುಂಬಿಕೊಡುತ್ತಿದ್ದನು. ಯಾರ ಎಡಗೈ ದುರ್ಬಲ, ಯಾರು ದಣಿದಾಗ ಚೆಂಡನ್ನು ಬೇಗ ಬಿಡುವರು ಎಂಬುದು ಬೆಂಚಿನ ಹಿಂದೆ ನಿಂತೇ ಅವನಿಗೆ ತಿಳಿಯಿತಂತೆ.

ಈ ವರ್ಷದ ಪಟ್ಟಿಯಲ್ಲಿ ಅವನ ಹೆಸರು ಹನ್ನೆರಡನೆಯದು. ಒಂದು ಪಂದ್ಯದಲ್ಲಿ ಅವನು ಅಂಗಳಕ್ಕೆ ಇಳಿದು ನಾಲ್ಕು ನಿಮಿಷ ಆಡಿದನು. ನಾವು ನೋಡಲು ಹೋಗಿದ್ದೆವು. ಎರಡು ಸಲ ಎಸೆದನು. ಎರಡೂ ಬಳೆಗೆ ತಗಲಿ ಹೊರಗೆ ಬಿದ್ದುವು. ಮೂರನೆಯ ಸಲ ತಾನು ಎಸೆಯಬಹುದಾಗಿದ್ದ ಚೆಂಡನ್ನು ಪಕ್ಕದವನಿಗೆ ಕೊಟ್ಟನು. ಅದು ಒಳಗೆ ಹೋಯಿತು. ಆ ಪಂದ್ಯದಲ್ಲಿ ಅವರು ಸೋತರು.

ಸೋತುದು ಎರಡು ಅಂಕಗಳಿಂದ. ಎರಡೇ ತಾನೆ ಎಂದು ತೀರ್ಪುಗಾರರನ್ನು ಯಾರೂ ಬೇಡಲಿಲ್ಲ. 2017ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ಪಿನ ಎರಡನೆಯ ವಿಭಾಗದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಗೆದ್ದು ಮೇಲಿನ ವಿಭಾಗಕ್ಕೆ ಏರಿದರು. ಅಂದು ನಮ್ಮವರಿಗೆ ಒದಗಿದುದೂ ಎರಡೇ ಅಂಕ. ಎರಡು ಅಂಕಕ್ಕೆ ಬೆಲೆಯಿದ್ದರೆ ಇಪ್ಪತ್ತು ದಿನಕ್ಕೂ ಬೆಲೆಯಿರಬೇಕು.

ಸ್ಪರ್ಧೆಯ ತಂಡಕ್ಕೆ ಸೇರಬಯಸುವ ವಿದ್ಯಾರ್ಥಿಗಳೇ, ನಿಮ್ಮಿಂದ ನಿರೀಕ್ಷಿಸುವ ಗುಣಗಳ ಪಟ್ಟಿಯನ್ನು ಕೇಂದ್ರದವರು ಕೊಡುತ್ತಾರೆ. ಹೊತ್ತಿಗೆ ಹೋಗಿರಿ, ಪಾಠವನ್ನು ಬಿಡದಿರಿ, ಬೆಂಚನ್ನು ಹೀಗಳೆಯದಿರಿ. ನಾವು ಸೇರಿಸಬಯಸುವುದು ಒಂದನ್ನೇ. ಅಳೆಯಿಸಿಕೊಳ್ಳಲು ಒಪ್ಪಿದವನು ಅಳತೆಗೋಲನ್ನು ಮುಟ್ಟಬಾರದು. ಕಡಿಮೆ ಬಿದ್ದರೆ ಬೆಳೆಯಬಹುದು. ಕೋಲನ್ನು ತಿದ್ದಿದವನಿಗೆ ತಾನು ಬೆಳೆದೆನೋ ಇಲ್ಲವೋ ಎಂಬುದೇ ಎಂದೆಂದಿಗೂ ತಿಳಿಯದು.

ಈ ಸಲದ ಒಪ್ಪಿಗೆಯ ಕಾಗದವನ್ನು ಹಿಡಿದು ಹುಡುಗನ ತಂದೆ ತಾವೇ ಬಂದಿದ್ದರು. ಹಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. "ಓದಿ ಹೇಳಿ ಮಾಷ್ಟ್ರೇ. ಬೆಂಚಿನ ಮಾತು ಇನ್ನೂ ಇದೆಯೋ?" ಎಂದರು. ಇದೆ ಎಂದೆವು. ಹುಟ್ಟಿದ ತಾರೀಖಿನ ಸಾಲು ಬಂದಾಗ ನಮ್ಮ ಕೈಯಿಂದ ಲೇಖನಿಯನ್ನು ತೆಗೆದುಕೊಂಡು, ಡಿಸೆಂಬರ್ 12 ಎಂದು ತಾವೇ ಬರೆದು, ಕೆಳಗೆ ರುಜು ಹಾಕಿದರು.